ಕಾರಿಡಾರಿನ ಗಡಿ

ಗಡಿ ಕಾಯುವವರ ತಲೆಯಲ್ಲಿ ಸಾಲದ ಚಿಂತೆ ಇರಬಾರದೆಂಬ ಉದಾತ್ತ ಉದ್ದೇಶದಿಂದ ಸರ್ಕಾರವು ಸೈನಿಕರ ಸಾಲವನ್ನೆಲ್ಲ ಮನ್ನಾ ಮಾಡಿತು. ಮನ್ನಾ ಆದದ್ದನ್ನು ಮಂಜೂರು ಮಾಡಲು ಒಂದು ಕಚೇರಿಯನ್ನೂ ತೆರೆಯಿತು.

ಸೇನೆಯ ಲಾರಿ ಚಾಲಕನೊಬ್ಬ ರಜೆಯ ಮೇಲೆ ಊರಿಗೆ ಬಂದ ಮರುದಿನವೇ ಅಲ್ಲಿಗೆ ಹೋದ. ಹೆಂಡತಿಯ ಹೊಲಿಗೆ ಅಂಗಡಿಗೆಂದು ಅವನು ಮಾಡಿದ ಸಾಲ ಕುತ್ತಿಗೆಗೆ ಬಂದಿತ್ತು. ತಿಂಗಳ ಕೊನೆಗೆ ಬೀಗ ಜಡಿಯುತ್ತೇವೆಂದು ಬ್ಯಾಂಕಿನವರು ಅಂಗಡಿಯ ಬಾಗಿಲಿಗೇ ಚೀಟಿ ಅಂಟಿಸಿದ್ದರು. "ರೀ, ಸಹಿ ಹಾಕಿಸ್ಕೊಳ್ದೆ ಮನೆ ಕಡೆ ತಲೆ ಹಾಕ್ಬೇಡಿ" ಎಂದು ಹೆಂಡತಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ ಕಳಿಸಿದ್ದಳು.

ಮನ್ನಾಧಿಕಾರಿಗಳು ಸಜ್ಜನರು. ಕುರ್ಚಿ ತೋರಿಸಿದರು, ಆಮೇಲೆ ನಿಯಮ ತೋರಿಸಿದರು. ಅರ್ಜಿದಾರನು ಖುದ್ದಾಗಿ ಹಾಜರಿರತಕ್ಕದ್ದು. ಹಾಜರಿರುವ ಹೊತ್ತಿನಲ್ಲಿ ಗಡಿಯಲ್ಲಿ ಕರ್ತವ್ಯನಿರತನಾಗಿರತಕ್ಕದ್ದು.

"ಸಾರ್, ಗಡೀಲಿದ್ರೆ ಇಲ್ಲಿಗೆ ಹೇಗೆ ಬರ್ಲಿ?"

"ಬರಬಾರದು. ಕರ್ತವ್ಯಲೋಪ ಆಗತ್ತೆ."

"ಬರದಿದ್ರೆ?"

"ಗೈರುಹಾಜರಿ."

"ಹಾಗಾದ್ರೆ ಇದುವರೆಗೆ ಯಾರಿಗಾದ್ರೂ ಮನ್ನಾ ಆಗಿದ್ಯಾ?"

"ನಮ್ಮ ಕಚೇರಿ ಮೇಲೆ ಒಂದೂ ಆಡಿಟ್ ಆಕ್ಷೇಪಣೆ ಇಲ್ಲ ನೋಡಿ" ಎಂದರು ಅಧಿಕಾರಿಗಳು, ಅಭಿಮಾನದಿಂದ.

ಚಾಲಕನಿಗೆ ರೇಗಿತು. "ನಾನು ಎರಡೂ ಕಡೆ ಇರೋಕಾಗಲ್ಲ. ಗಡೀನೇ ಇಲ್ಲಿಗೆ ತರಿಸಿಬಿಡಿ ಸಾರ್!"

ಅಧಿಕಾರಿಗಳು ಕನ್ನಡಕ ಒರೆಸಿಕೊಂಡು ನಿಯಮವನ್ನು ಮತ್ತೆ ಓದಿದರು. ಯಾವ ಗಡಿ ಎಂದು ಎಲ್ಲಿಯೂ ಹೇಳಿರಲಿಲ್ಲ. ಊಟದ ಹೊತ್ತಿಗೆ ಪ್ರಕಟಣೆ ಹೊರಬಿತ್ತು:

"ಈ ಕಚೇರಿಗೂ ಎದುರಿನ ಪಿಂಚಣಿ ವಿಭಾಗಕ್ಕೂ ನಡುವಿನ ಕಾರಿಡಾರನ್ನು ಗಡಿಯೆಂದು ಭಾವಿಸತಕ್ಕದ್ದು. ಮುಂದಿನ ಆದೇಶದವರೆಗೆ ಪಿಂಚಣಿ ವಿಭಾಗವು ಶತ್ರುಪಕ್ಷವಾಗಿರತಕ್ಕದ್ದು. ಚಹಾ ತರುವವರು ತಟಸ್ಥರು."

ಸುಣ್ಣದಲ್ಲಿ ಗೆರೆ ಎಳೆದರು. ಬಂದೂಕು ಸರಬರಾಜಾಗುವ ತನಕ ಇರಲಿ ಎಂದು ಅಧಿಕಾರಿಗಳು ತಮ್ಮ ಛತ್ರಿಯನ್ನೇ ಕೊಟ್ಟರು. ಚಾಲಕ ಅದನ್ನು ಹೆಗಲಿಗೇರಿಸಿ ನಿಂತ.

ಮೊದಲು ಬಂದವರು ಪಿಂಚಣಿ ವಿಭಾಗದ ಮೇಡಂ, ಕೈಯಲ್ಲಿ ಖಾಲಿ ಬಾಟಲಿ. ಕುಡಿಯುವ ನೀರಿನ ಕೊಳಾಯಿ ಗೆರೆಯ ಈಚೆಗಿತ್ತು.

"ಏನಪ್ಪಾ ಇದು?"

"ಗಡಿ, ಮೇಡಂ. ನೀವು ದಾಟೋ ಹಾಗಿಲ್ಲ. ಬಾಟ್ಲಿ ಕೊಡಿ, ನಾನೇ ತುಂಬಿಸ್ಕೊಡ್ತೀನಿ."

"ಶತ್ರು ಕೈಯಿಂದ ನೀರು ಇಸ್ಕೊಳ್ಳೋಕೆ ನಮಗೆ ಆದೇಶ ಬಂದಿಲ್ಲಪ್ಪ" ಎಂದು ಮೇಡಂ ಹಿಂದಿರುಗಿದರು. ಹಿಂದಿರುಗಿದವರು ಸುಮ್ಮನಿರಲಿಲ್ಲ, ತಮ್ಮ ಕಡೆಯಿಂದಲೂ ಗಡಿ ಮುಚ್ಚಿದರು. ಕಟ್ಟಡದ ಏಕೈಕ ಶೌಚಾಲಯ ಆಚೆಗಿತ್ತು.

ಇದರ ಗಾಂಭೀರ್ಯ ಮನ್ನಾಧಿಕಾರಿಗಳ ಅರಿವಿಗೆ ಬಂದದ್ದು ಎರಡನೆಯ ಚಹಾ ಆದಮೇಲೆ. ಅವರು ಕಾಲಮೇಲೆ ಕಾಲು ಹಾಕಿ ಕೂತರು, ಎದ್ದರು, ಕೋಣೆಯಲ್ಲೇ ಶತಪಥ ತಿರುಗಿದರು. ಕೊನೆಗೆ ಗೆರೆಯ ಬಳಿ ಬಂದು, ಬೆವರೊರೆಸಿಕೊಳ್ಳುತ್ತ, ಶಾಂತಿ ಮಾತುಕತೆಗೆ ತಾವು ಸದಾ ಸಿದ್ಧರೆಂದು ಘೋಷಿಸಿದರು. ಆಚೆಯವರಿಗೂ ಗಂಟಲು ಒಣಗಿತ್ತು. ನೀರು ಈಚೆಯದು, ಶೌಚಾಲಯ ಆಚೆಯದು, ಬಳಕೆ ಇಬ್ಬರದು ಎಂದು ಒಪ್ಪಂದವಾಯಿತು. ಸಹಿ ಹಾಕಿ ಮುಗಿಸುವ ಮೊದಲೇ ಅಧಿಕಾರಿಗಳು ಅದನ್ನು ಜಾರಿಗೆ ತಂದರು.

ಹಗುರಾಗಿ ಹಿಂದಿರುಗಿದ ಅವರು ಚಾಲಕನ ಅರ್ಜಿಯನ್ನು ಕೈಗೆತ್ತಿಕೊಂಡು, ಪೆನ್ನು ತೆರೆದು, ನಿಂತುಬಿಟ್ಟರು. "ಈಗ ಶಾಂತಿ ಆಗಿದೆಯಲ್ಲಪ್ಪಾ. ಶತ್ರುವೇ ಇಲ್ಲದ ಮೇಲೆ ಗಡಿ ಎಲ್ಲಿ, ಕರ್ತವ್ಯ ಎಲ್ಲಿ?"

ಬೀಗ ಬಿದ್ದ ಅಂಗಡಿ, ಅದರ ಮುಂದೆ ನಿಂತ ಹೆಂಡತಿ, ಎರಡೂ ಚಾಲಕನ ಕಣ್ಣಿಗೆ ಕಟ್ಟಿದವು. ಛತ್ರಿ ಹೆಗಲಿಂದ ಜಾರಿತು.

ಆಚೆಯಿಂದ ಮೇಡಂ ಅವನ ಮುಖ ನೋಡಿದರು. "ಶಾಂತಿ ಅಂದಾಕ್ಷಣ ಮೈಮರೆಯೋದಾ ಸಾರ್? ನಮ್ಮನ್ನ ಏನಂದ್ಕೊಂಡಿದ್ದೀರಿ? ಯಾವ ಗಳಿಗೇಲಿ ಬೇಕಾದ್ರೂ ಮೇಲೆ ಬೀಳ್ತೀವಿ. ಬೇಕಾದ್ರೆ ಬರೆದು ಕೊಡ್ತೀನಿ."

ಬರೆದೇ ಕೊಟ್ಟರು, ಮೊಹರು ಒತ್ತಿ. ಪಿಂಚಣಿ ವಿಭಾಗವು ದಾಳಿ ಮಾಡುವ ಸಂಭವವಿದೆಯೆಂದು ಈ ಮೂಲಕ ದೃಢೀಕರಿಸಲಾಗಿದೆ. ಅಧಿಕಾರಿಗಳು ನೆಮ್ಮದಿಯಿಂದ ಸಹಿ ಹಾಕಿದರು. ಸಾಲ ಮನ್ನಾ ಆಯಿತು.

ಚಾಲಕ ಗೆರೆಯಾಚೆಗೆ ಕೈಮುಗಿದ. "ಬೇಗ ಹೊರಡಪ್ಪಾ, ನಿನ್ನಾಕೆ ಕಾಯ್ತಿರ್ತಾಳೆ" ಎಂದರು ಮೇಡಂ.

ಆದರೆ ಗಡಿಯನ್ನು ಬರಿದಾಗಿ ಬಿಟ್ಟು ಹೋಗುವಂತಿರಲಿಲ್ಲ. ಸುದ್ದಿ ಹೇಗೋ ಹಬ್ಬಿ, ರಜೆಯ ಮೇಲಿದ್ದ ಸೈನಿಕರು ಬಾಗಿಲ ಬೆಂಚಿನ ತುಂಬ ಬಂದು ಕೂತಿದ್ದರು. ತುದಿಯಲ್ಲಿದ್ದ ಮೀಸೆಯವರು ಎದ್ದು ಸೆಲ್ಯೂಟ್ ಹೊಡೆದು ಛತ್ರಿ ವಹಿಸಿಕೊಂಡರು.

"ಶತ್ರು ಹೇಗೆ ತಮ್ಮಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಬಹಳ ಒಳ್ಳೆಯವರು ಅಣ್ಣಾ. ದಾಳಿ ಪತ್ರ ಮಾತ್ರ ಬೇಗ ಕೇಳ್ಕೊಳಿ, ಐದು ಗಂಟೆ ಮೇಲೆ ಅವರು ದಾಳಿ ಮಾಡಲ್ಲ."

ಮೀಸೆಯವರು ಗೋಡೆಯ ಗಡಿಯಾರ ನೋಡಿ, ಎದೆ ಸೆಟೆಸಿ, ಗೆರೆಯ ಮೇಲೆ ಕಣ್ಣಿಟ್ಟರು.