ಅರ್ಧ ಕಕ್ಕಸಿನ ಒಡೆಯ

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಅನುಕೂಲ, ನನಗೂ ಅನುಕೂಲ. ಹಲ್ಲಿನ ಡಾಕ್ಟರಿಗೆ ಹೆದರುತ್ತೇನೆ. ವಸಂತ ಬಂತೆಂದರೆ ನೆತ್ತಿಗೆ ಎರಗುವ ಮ್ಯಾಗ್‌ಪೈ ಹಕ್ಕಿಗೆ ಹೆದರುತ್ತೇನೆ. ದೇಶದ ದೊಡ್ಡ ಬ್ಯಾಂಕಿನವರು ಸಭೆ ಸೇರುವ ಮಂಗಳವಾರಕ್ಕಂತೂ ಹಿಂದಿನ ಭಾನುವಾರದಿಂದಲೇ ಹೆದರಲು ಶುರು ಮಾಡುತ್ತೇನೆ. ಆ ಮಹನೀಯರು ಚಹಾ ಕುಡಿದು ಮೇಲೆದ್ದರೆ ಸಾಕು, ನಮ್ಮ ಮನೆಸಾಲದ ಬಡ್ಡಿಯೂ ಅವರ ಜೊತೆಗೇ ಮೇಲೇಳುತ್ತದೆ. ಆದರೆ ಈ ಎಲ್ಲ ಭಯಗಳನ್ನು ಗಂಟು ಕಟ್ಟಿ ತೂಗಿದರೂ, ನನ್ನ ಹೆಂಡತಿ ನರೆಲ್ ಕ್ಯಾಲ್ಕುಲೇಟರ್ ಕೈಗೆತ್ತಿಕೊಂಡ ದಿನದ ಭಯಕ್ಕೆ ಸಮನಾಗಲಾರವು.

"ರಸ್, ಇಲ್ಲಿ ಬಾ. ಈ ಮನೆ ಯಾರ್ದು?" ಎಂದಳು.

"ನಮ್ದು."

"ತಪ್ಪು. ಇಷ್ಟು ವರ್ಷ ಕಟ್ಟಿದ್ದೆಲ್ಲ ಬಡ್ಡಿಗೇ ಹೋಗಿದೆ. ಅಸಲು ಅಂತ ತೀರಿಸಿರೋದಕ್ಕೆ ನಮಗೆ ಸೇರೋದು ಬಟ್ಟೆ ಒಗೆಯೋ ಕೋಣೆ, ಮತ್ತೆ ಅರ್ಧ ಕಕ್ಕಸು. ಮಿಕ್ಕಿದ್ದೆಲ್ಲ ಬ್ಯಾಂಕಿಂದು."

"ಯಾವ ಅರ್ಧ?" ಎಂದು ಕೇಳಿದೆ. (ಇಂಥ ವಿಷಯ ಸ್ಪಷ್ಟವಾಗಿರಬೇಕು, ಇಲ್ಲದಿದ್ದರೆ ಮುಂದೆ ತೊಂದರೆ.)

ನರೆಲ್ ನಗಲಿಲ್ಲ. ಸಾಲ ಮೂವತ್ತು ವರ್ಷದ್ದು. ಅದು ತೀರುವಾಗ ನನಗೆ ಎಪ್ಪತ್ತೊಂದು. ಅದನ್ನು ಹತ್ತೊಂಬತ್ತು ವರ್ಷದಲ್ಲೇ ತೀರಿಸುತ್ತೇನೆಂದು ಅವಳು ಅಡುಗೆಮನೆಯಲ್ಲಿ, ಅಂದರೆ ಬ್ಯಾಂಕಿನ ಅಡುಗೆಮನೆಯಲ್ಲಿ, ನಿಂತು ಶಪಥ ಮಾಡಿದಳು. ಗೃಹಋಣವಿಮೋಚನ ಮಹಾಯಾಗಕ್ಕೆ ಅಂದೇ ಮುಹೂರ್ತ. ಮೊದಲ ಸೂತ್ರ ಸರಳ: ತಿಂಗಳಿಗೊಂದು ಕಂತು ಕಟ್ಟುವ ಬದಲು ಎರಡು ವಾರಕ್ಕೊಮ್ಮೆ ಅರ್ಧ ಕಂತು. ಹಾಗೆ ಕಟ್ಟುತ್ತಾ ಹೋದರೆ ವರ್ಷದ ಕೊನೆಗೆ ಗೊತ್ತಿಲ್ಲದ ಹಾಗೆ ಹದಿಮೂರನೆಯ ಕಂತೊಂದು ಹೆಚ್ಚಿಗೆ ಕಟ್ಟಿರುತ್ತೇವೆ. ಪಂಚಾಂಗದವರಿಗೆ ಅಧಿಕ ಮಾಸ ಮೂರು ವರ್ಷಕ್ಕೊಮ್ಮೆ ಬಂದರೆ ನಮ್ಮ ಮನೆಗೆ ಪ್ರತಿ ವರ್ಷವೂ. "ಗೊತ್ತಿಲ್ಲದ ಹಾಗೆ" ಎಂಬುದು ನರೆಲ್‌ಳ ಮಾತು. ನನಗೆ ಚೆನ್ನಾಗಿಯೇ ಗೊತ್ತಾಯಿತು.

ನಮ್ಮೂರು ಬಲಾರಟ್ಟಿನಲ್ಲಿ ಜುಲೈ ಎಂದರೆ ನಡುಚಳಿಗಾಲ. ಆ ಚಳಿಯಲ್ಲಿ ಹೀಟರಿಗೆ ನಿಷೇಧ ಬಿತ್ತು. ಸಂಜೆಯಾದರೆ ನಾನು, ನರೆಲ್, ಮಗಳು ಟೀಗನ್ ಮೂವರೂ ಕಂಬಳಿ ಹೊದ್ದು ಒಂದೇ ದೀಪದ ಕೆಳಗೆ ಕೂರುತ್ತಿದ್ದೆವು. ನನ್ನ ಕಾರು ಮಾರಾಟವಾಯಿತು. ಬಣ್ಣದ ಅಂಗಡಿಯ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗತೊಡಗಿದೆ. ಮನೆಯ ಫೋನು ಹೋಯಿತು. ಊರವರು ಬೇಡದ ಸಾಮಾನನ್ನೆಲ್ಲ ಪುರಸಭೆಯ ಲಾರಿಗೆಂದು ರಸ್ತೆಬದಿಗೆ ಇಡುವ ವಾರ ಬಂದಾಗ, ನರೆಲ್ ಕೋಳಿ ಕೂಗುವ ಮೊದಲೇ ನನ್ನನ್ನು ಎಬ್ಬಿಸಿ ಬೀದಿಗೆ ಅಟ್ಟಿದಳು. ಮೂರು ಕಾಲಿನ ಕುರ್ಚಿಯೊಂದನ್ನು ಬೆನ್ನ ಮೇಲೆ ಹೊತ್ತು ಕಳ್ಳನಂತೆ ಬರುತ್ತಿದ್ದಾಗ ಎದುರುಮನೆಯ ಬೆರಿಲ್ ಅಜ್ಜಿಯ ಕಿಟಕಿಯ ಪರದೆ ಅಲ್ಲಾಡಿತು. ನಾನು ಕುರ್ಚಿಯ ಸಮೇತ ಪೊದೆಯ ಹಿಂದೆ ಕೂತೆ.

"ಯಾರ ಹತ್ರಾನೂ ಬಾಯಿ ಬಿಡ್ಬೇಡ," ಎಂದು ನರೆಲ್ ತಾಕೀತು ಮಾಡಿದ್ದಳು. "ಸಾಲ ತೀರಿಸ್ತಾ ಇದಾರೆ ಅಂತ ಯಾರೂ ಹೊಗಳಲ್ಲ. ಜಿಪುಣರು ಅಂತಾರೆ ಅಷ್ಟೆ."

ಇನ್ನು ಕ್ಷೌರ. ತೀರಿಹೋದ ನಮ್ಮ ನಾಯಿಯ ಕೂದಲು ಕತ್ತರಿಸುತ್ತಿದ್ದ ಯಂತ್ರ ಶೆಡ್ಡಿನಲ್ಲಿ ಬಿದ್ದಿತ್ತು. ನರೆಲ್ ಅದಕ್ಕೆ ಎಣ್ಣೆ ಬಿಟ್ಟಳು. ಅದು ಗುರ್ರೆಂದು ಕಿವಿಯ ಹತ್ತಿರ ಬಂದಾಗ ನಾನು ಕಣ್ಣು ಮುಚ್ಚಿದೆ. ಅವಳು ಅದೂ ಇದೂ ಮಾತಾಡುತ್ತಲೇ ಇದ್ದಳು. ತಲೆ ಅಲ್ಲಾಡಿಸಿದರೆ ಕಿವಿ ಹೋದೀತೆಂದು ನಾನು ಎಲ್ಲದಕ್ಕೂ "ಹೂಂ, ಹೂಂ" ಎನ್ನುತ್ತಿದ್ದೆ. ಕೆಲಸ ಮುಗಿದ ಮೇಲೆ ಟೀಗನ್ ಒಂದು ಸುತ್ತು ಬಂದು ನೋಡಿ, "ಅಪ್ಪಾ, ಕುರಿ ಉಣ್ಣೆ ಕತ್ತರಿಸೋನು ಅರ್ಧಕ್ಕೇ ಬಿಟ್ಟು ಊಟಕ್ಕೆ ಹೋದಂಗಿದೆ," ಎಂದಳು. ಅಂದಿನಿಂದ ನನ್ನ ತಲೆಯ ಮೇಲೆ ನೀಲಿ ಉಣ್ಣೆಟೋಪಿ ಬಂದು ಕೂತಿತು. ಹಾಸಿಗೆಯಲ್ಲೂ ಅದನ್ನು ತೆಗೆಯುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಸಹಿಸಿಕೊಂಡಿರುತ್ತಿದ್ದೆ. ಆದರೆ ಊರಿನವರೆಲ್ಲ ನನ್ನ ಮೇಲೆ ಪ್ರೀತಿ ತೋರಿಸತೊಡಗಿದರು.

ಮೊದಲು ಬಾಗಿಲಲ್ಲಿ ಒಂದು ಕೇಕು. ಮರುದಿನ ಒಂದು ಚೀಲ ನಿಂಬೆಹಣ್ಣು. ಆಮೇಲೆ ಜಗಲಿಯ ಮೇಲೆ ಒಂದು ಹೊರೆ ಸೌದೆ, ಅದೂ ಚೆನ್ನಾಗಿ ಸೀಳಿದ್ದು. ಕಟುಕನ ಅಂಗಡಿಯಲ್ಲಿ ಎಂಟು ಸಾಸೇಜು ಕೇಳಿದರೆ ಪೊಟ್ಟಣದಲ್ಲಿ ಹನ್ನೆರಡು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಮುಖ ನೋಡಿ ಮಾತಾಡದ ಯಜಮಾನ ಬಣ್ಣದ ಡಬ್ಬಗಳ ನಡುವೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಮನೇಲಿ ಎಲ್ಲಾ ಸರಿ ಇದೆಯಾ ರಸ್?" ಎಂದ. ಜನ ಸುಮ್ಮಸುಮ್ಮನೆ ಒಳ್ಳೆಯವರಾಗುವುದಿಲ್ಲ. ಅವರಿಗೆಲ್ಲ ಗೊತ್ತಿರುವ ಏನೋ ಒಂದು ಸಂಗತಿ ನನಗೆ ಮಾತ್ರ ಗೊತ್ತಿಲ್ಲ.

ಆಗ ನೆನಪಾಯಿತು, ಮಚ್ಚೆ!

ನಮ್ಮ ಬಿಸಿಲಿಗೆ ಚರ್ಮ ಕೆಡುತ್ತದೆಂದು ವರ್ಷಕ್ಕೊಮ್ಮೆ ಎಲ್ಲರೂ ಡಾಕ್ಟರ ಮುಂದೆ ಬಟ್ಟೆ ಬಿಚ್ಚಿ ನಿಲ್ಲುವುದುಂಟು. ಜೂನ್ ತಿಂಗಳಲ್ಲಿ ಡಾಕ್ಟರು ನನ್ನ ಬೆನ್ನ ಮೇಲಿನ ಮಚ್ಚೆಯೊಂದನ್ನು ಕೆತ್ತಿ ಪರೀಕ್ಷೆಗೆ ಕಳಿಸಿದ್ದರು. "ಏನಾದ್ರೂ ಇದ್ರೆ ನಾವೇ ಫೋನ್ ಮಾಡ್ತೀವಿ. ಫೋನ್ ಬರ್ಲಿಲ್ಲ ಅಂದ್ರೆ ಕ್ಷೇಮ ಅಂತ್ಲೇ ಅರ್ಥ," ಎಂದಿದ್ದರು. ಫೋನು ಬಂದಿರಲಿಲ್ಲ. ಹೇಗೆ ಬಂದೀತು? ನಾನು ಕೊಟ್ಟಿದ್ದು ಮನೆಯ ನಂಬರು. ಅದನ್ನು ನರೆಲ್ ಕತ್ತರಿಸಿ ಹಾಕಿದ್ದಾಳೆ. ಆ ಆಸ್ಪತ್ರೆಯ ಸ್ವಾಗತದ ಮೇಜಿನಲ್ಲಿ ಕೂರುವವಳು ಬೆರಿಲ್ ಅಜ್ಜಿಯ ಸೊಸೆ. ಕೇಕು ಬಂದದ್ದು ಯಾರ ಮನೆಯಿಂದ? ಬೆರಿಲ್ ಅಜ್ಜಿಯ ಮನೆಯಿಂದ.

ನಾನೇ ಫೋನ್ ಮಾಡಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಧೈರ್ಯವಂತರ ಮಾತು ಅದು. ಕೇಳದಿದ್ದರೆ ಇನ್ನೂ ನಾಲ್ಕು ದಿನ ಬದುಕಿರಬಹುದೆಂದು ನನ್ನ ಲೆಕ್ಕ.

ಅಂಜಿದವನ ಮೇಲೆ ಕಪ್ಪೆ ಎಸೆದರು ಎನ್ನುವ ಹಾಗೆ ಅಂದು ಊಟಕ್ಕೆ ಕೂತಾಗ ನರೆಲ್ ಕೇಳಿದಳು, "ರಸ್, ನೀನು ಸತ್ರೆ ಎಷ್ಟು ಬರುತ್ತೆ?"

ಬೇಳೆಯ ಸೂಪಿನ ಚಮಚ ಕೆಳಗಿಟ್ಟೆ. "ಯಾ... ಯಾಕೆ?"

"ಸುಮ್ನೆ. ಆ ವಿಮೆ ದುಡ್ಡು ಬಂದ್ರೆ ಪೂರ್ತಿ ಸಾಲ ತೀರುತ್ತಾ ಅಂತ."

"ತೀರುತ್ತೆ," ಎಂದೆ, ಸತ್ತ ದನಿಯಲ್ಲಿ.

"ಪೂರ್ತೀನಾ? ಒಳ್ಳೇದಾಯ್ತು," ಎಂದು ಅವಳು ಇನ್ನೊಂದು ಸೌಟು ಸೂಪು ಬಡಿಸಿದಳು. ಇನ್ನೊಂದು ಸೌಟು! ಮಹಾಯಾಗ ಶುರುವಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಎರಡನೆಯ ಸೌಟು ಕಂಡಿರಲಿಲ್ಲ.

ಅಂದು ಬಟ್ಟೆ ಒಗೆಯುವ ಕೋಣೆಯಲ್ಲಿ ಒಬ್ಬನೇ ಕೂತು ಅತ್ತೆ. (ಅದೊಂದು ಕೋಣೆಯಾದರೂ ಪೂರ್ತಿ ನಮ್ಮದು, ಅಳಲು ಬ್ಯಾಂಕನ್ನು ಕೇಳಬೇಕಾಗಿಲ್ಲ.) ಹತ್ತೊಂಬತ್ತು ವರ್ಷದಲ್ಲಿ ಸಾಲ ತೀರಿಸುವುದೇನು ಮಹಾ, ನಾನು ಕಣ್ಣು ಮುಚ್ಚಿದರೆ ಒಂದೇ ದಿನದಲ್ಲಿ ತೀರುತ್ತದೆ. ನರೆಲ್ ಹೀಟರ್ ಹಾಕಿಕೊಂಡು ಬೆಚ್ಚಗೆ ಕೂರುತ್ತಾಳೆ, ಟೀಗನ್ ಮದುವೆಯಾಗುತ್ತಾಳೆ, ನಾನು ಮಾತ್ರ ಇರುವುದಿಲ್ಲ. ಆ ಇಬ್ಬರನ್ನು ಬಿಟ್ಟು ಹೋಗುವುದು ನನಗೆ ಸುತರಾಂ ಇಷ್ಟವಿರಲಿಲ್ಲ.

ಇಷ್ಟಾದರೂ ಶುಕ್ರವಾರದ ಕ್ಲಬ್ಬು ತಪ್ಪಿಸಲಿಲ್ಲ. ವಾರಕ್ಕೊಂದು ಗ್ಲಾಸು ಬಿಯರಿಗೆ ನರೆಲ್‌ಳ ಮಂಜೂರಾತಿ ಇತ್ತು. ಹುಲ್ಲಿನ ಮೇಲೆ ಚೆಂಡುರುಳಿಸುವ ನಮ್ಮ ಬೌಲ್ಸ್ ಕ್ಲಬ್ಬಿನಲ್ಲಿ ಪ್ರತಿ ಶುಕ್ರವಾರ ಮಾಂಸದ ಲಾಟರಿ. ಚೀಟಿ ಮಾರುವವನು ನಾನೇ. ಗೆದ್ದವನಿಗೆ ಒಂದು ತಟ್ಟೆ ತುಂಬ ಚಾಪ್ಸು, ಸಾಸೇಜು. ಕ್ಲಬ್ಬಿನ ಅಧ್ಯಕ್ಷ ಕೆವ್ ಎಂಬ ಭೀಮಕಾಯ. ಬಾರಿನ ಮೇಲೆ ಒಂದು ಹಿತ್ತಾಳೆ ಗಂಟೆ ತೂಗುತ್ತದೆ. ಒಳಗೆ ಬಂದವನು ತಲೆಯ ಮೇಲಿನ ಟೋಪಿ ತೆಗೆಯದಿದ್ದರೆ ಕೆವ್ ಹಗ್ಗ ಜಗ್ಗಿ ಆ ಗಂಟೆ ಬಾರಿಸುತ್ತಾನೆ. ಟೋಪಿಯವನು ಅಲ್ಲಿರುವ ಅಷ್ಟೂ ಜನಕ್ಕೆ ಕುಡಿಸಬೇಕು. ಇದಕ್ಕೆ ಮಾಫಿ ಇಲ್ಲ. ತನ್ನ ಸ್ವಂತ ಭಾವ ತಾಯಿಯ ತಿಥಿಯ ದಿನ ಮರೆತು ಟೋಪಿಯಲ್ಲಿ ಬಂದಾಗಲೂ ಕೆವ್ ಗಂಟೆ ಬಾರಿಸಿದವನೇ.

ಆದರೆ ನನ್ನ ನೀಲಿ ಟೋಪಿ ನೋಡಿ ಅವನು ಸುಮ್ಮನಿದ್ದ. ಒಂದಲ್ಲ, ಎರಡಲ್ಲ, ಮೂರು ಶುಕ್ರವಾರ. ನೋಡುತ್ತಿದ್ದ, ನಿಟ್ಟುಸಿರು ಬಿಡುತ್ತಿದ್ದ, ಬೇರೆ ಕಡೆ ತಿರುಗುತ್ತಿದ್ದ. ಕೇಕಿಗಿಂತ, ಸೌದೆಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಬಾರಿಸದ ಆ ಗಂಟೆ. ಸಾಯುವವನಿಗೆ ಯಾರಾದರೂ ದಂಡ ಹಾಕುತ್ತಾರೆಯೇ?

ನಾಲ್ಕನೆಯ ಶುಕ್ರವಾರ ಕ್ಲಬ್ಬು ಕಿಕ್ಕಿರಿದಿತ್ತು. ಪಂದ್ಯಕ್ಕೆಂದು ಬೆಂಡಿಗೋದಿಂದ ಒಂದು ಬಸ್ಸು ಭರ್ತಿ ಆಟಗಾರರು ಬಂದಿದ್ದರು. ನರೆಲ್ ಕೂಡ ಬಂದು ಒಂದು ಗ್ಲಾಸು ನಲ್ಲಿ ನೀರಿಟ್ಟುಕೊಂಡು ಬೆರಿಲ್ ಅಜ್ಜಿಯ ಪಕ್ಕ ಕೂತಿದ್ದಳು. ಕೆವ್ ಗಂಟಲು ಸರಿಮಾಡಿಕೊಂಡ.

"ಇವತ್ತಿನ ಲಾಟರಿ ದುಡ್ಡೆಲ್ಲ ನಮ್ಮಲ್ಲೇ ಒಂದು ಸಂಸಾರಕ್ಕೆ ಹೋಗುತ್ತೆ. ಹೆಸರು ಹೇಳಲ್ಲ. ಪಾಪ, ತುಂಬಾ ಕಷ್ಟದಲ್ಲಿದಾರೆ. ಧಾರಾಳವಾಗಿ ಚೀಟಿ ತಗೊಳ್ಳಿ."

ಎಲ್ಲರೂ ಒಮ್ಮೆ ನನ್ನನ್ನು ನೋಡಿ, ತಕ್ಷಣ ತಂತಮ್ಮ ಬೂಟು ನೋಡಿಕೊಂಡರು. ನಾನು ಬಕೆಟ್ಟು ಹಿಡಿದು ಹೊರಟೆ. ಮೊದಲ ಮೇಜಿನವನು ಐವತ್ತರ ನೋಟು ಹಾಕಿ, "ಚೀಟಿ ಬೇಡಪ್ಪ," ಎಂದ. ಎರಡನೆಯವನು ನನ್ನ ಕೈ ಒತ್ತಿ, "ಧೈರ್ಯವಾಗಿರು," ಎಂದ. ಮೂರನೆಯವಳು ಕಣ್ಣೊರೆಸಿಕೊಂಡಳು. ನನ್ನ ವಿಧವೆಗಾಗಿ ನನ್ನ ಕೈಯಲ್ಲೇ ಚಂದಾ ಎತ್ತಿಸುತ್ತಿದ್ದಾರೆ! ಬಕೆಟ್ಟು ಕೈಜಾರಿ ಬಿತ್ತು.

"ನಾನಿನ್ನೂ ಸತ್ತಿಲ್ಲ!" ಎಂದು ಕಿರುಚಿದೆ. "ಬದುಕಿರೋವಾಗ್ಲೇ ಯಾಕ್ರೋ ಹೀಗ್ ಮಾಡ್ತೀರಾ? ನನಗೆ ಸಾಯೋಕೆ ಭಯ ಆಗುತ್ತೆ ಕಣ್ರೋ!"

ಕೆವ್ ಬಾಯಿ ಬಿಟ್ಟ. "ಸಾಯೋದಾ? ಯಾರೋ ಸಾಯ್ತಿರೋದು?"

"ನಾನು! ಮಚ್ಚೆ!"

"ಮಚ್ಚೆನಾ?" ನರೆಲ್ ಎದ್ದು ನಿಂತಳು. "ಅದು ಏನೂ ಇಲ್ವಂತೆ ಕಣೋ! ಮನೆ ಫೋನ್ ಸಿಗ್ಲಿಲ್ಲ ಅಂತ ನನ್ನ ನಂಬರಿಗೆ ಮಾಡಿದ್ರು. ಕ್ಷೌರ ಮಾಡೋವಾಗ ಹೇಳಿದ್ನಲ್ಲ? ನೀನು ಹೂಂ ಹೂಂ ಅಂದ್ಯಲ್ಲ?"

"ಮತ್ತೆ... ವಿಮೆ? ನಾನ್ ಸತ್ರೆ ಎಷ್ಟು ಬರುತ್ತೆ ಅಂದಿದ್ದು?"

"ಸಾಲಕ್ಕಿಂತ ಜಾಸ್ತಿ ಬರೋ ಹಾಗಿದ್ರೆ ವಿಮೆ ಕಮ್ಮಿ ಮಾಡ್ಸಿ ಅದ್ರ ಕಂತು ಉಳಿಸೋಣ ಅಂತ! ನಿನ್ನ ಸಾಯ್ಸೋಕಾ?"

ಬೆರಿಲ್ ಅಜ್ಜಿ ಕೋಲೂರಿಕೊಂಡು ಬಂದು ನನ್ನ ಕೆನ್ನೆ ಸವರಿದರು. "ನೀನು ಸಾಯ್ತೀಯ ಅಂತ ಯಾರು ಅಂದ್ರು ಮರಿ? ನೀವು ದಿವಾಳಿ ಆದ್ರಿ ಅಂದ್ಕೊಂಡ್ವಿ. ಕಾರಿಲ್ಲ, ಫೋನಿಲ್ಲ, ಮನೇಲಿ ದೀಪ ಇಲ್ಲ. ಕುರ್ಚಿ ಹೊತ್ಕೊಂಡು ಪೊದೆ ಹಿಂದೆ ಕೂತಿದ್ಯಲ್ಲ, ಅವತ್ತು ನಂಗೆ ಊಟ ಸೇರ್ಲಿಲ್ಲ ಕಣಪ್ಪ."

ಬದುಕಿದ್ದೇನೆ! ಮಚ್ಚೆ ಬರೀ ಮಚ್ಚೆ! ಆ ಸಂತೋಷದಲ್ಲಿ ನನ್ನ ನಾಲಿಗೆಯ ಲಗಾಮು ಕಳಚಿತು. "ದಿವಾಳಿ ಏನೂ ಆಗಿಲ್ಲ ಅಜ್ಜಿ! ನಮಗೆ ಯಾವ ಕಷ್ಟಾನೂ ಇಲ್ಲ! ಮನೆಸಾಲ ಹನ್ನೊಂದು ವರ್ಷ ಮೊದ್ಲೇ ತೀರಿಸೋಣ ಅಂತ ದುಡ್ಡು ಉಳಿಸ್ತಾ ಇದೀವಿ, ಅಷ್ಟೆ!"

ಸೌದೆ ಸೀಳಿದವನು ತನ್ನ ಅಂಗೈಯ ಬೊಬ್ಬೆ ನೋಡಿಕೊಂಡ. ಐವತ್ತು ಹಾಕಿದವನು ಬಗ್ಗಿ ಬಕೆಟ್ಟಿನಿಂದ ತನ್ನ ನೋಟು ಎತ್ತಿಕೊಂಡ. ನರೆಲ್ ಕಣ್ಣು ಮುಚ್ಚಿಕೊಂಡಳು. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ಆದರೆ ಆ ನೆಲವೂ ಕ್ಲಬ್ಬಿನದು.

ಕೆವ್ ನನ್ನ ಮುಖ ನೋಡಿದ. ಆಮೇಲೆ ಅವನ ದೃಷ್ಟಿ ನಿಧಾನವಾಗಿ ಮೇಲೇರಿ ನನ್ನ ನೀಲಿ ಟೋಪಿಯ ಮೇಲೆ ನಿಂತಿತು. ಅವನು ಬಾರಿನ ಹಿಂದಕ್ಕೆ ನಡೆದ.

ಢಣ್!

ಅಬ್ಬ, ಆ ಸದ್ದಿನ ಸುಖವೇ! ನಿಜವಾಗಿಯೂ ನಾನು ಸಾಯುವವನಲ್ಲ ಎಂದು ಆಗ ಖಾತ್ರಿಯಾಯಿತು. ಸುಖ ಎರಡು ಕ್ಷಣ ಇತ್ತು. ಅಷ್ಟರಲ್ಲಿ ಬೆಂಡಿಗೋದ ಬಸ್ಸಿನವರೆಲ್ಲ ಎದ್ದು ಸಾಲು ನಿಂತರು.

"ಹಿಂದಿನ ಮೂರು ಶುಕ್ರವಾರದ್ದೂ ಬಾಕಿ ಇದೆ," ಎಂದ ಕೆವ್. "ಹೆದರ್ಬೇಡ ಮಾರಾಯ, ಬಡ್ಡಿ ಹಾಕಲ್ಲ."

ಜನ ಇನ್ನೊಬ್ಬರಿಗೆ ಟೋಪಿ ಹಾಕಿ ದುಡ್ಡು ಮಾಡುತ್ತಾರೆ. ನಾನು ನನಗೇ ಹಾಕಿಕೊಂಡು ಹಾಳಾದೆ. ಕ್ಷೌರದಲ್ಲಿ ಉಳಿದದ್ದು, ಹೀಟರಿನಲ್ಲಿ ಉಳಿದದ್ದು, ಗೊತ್ತಿಲ್ಲದ ಹಾಗೆ ಬರಬೇಕಿದ್ದ ಆ ಹದಿಮೂರನೆಯ ಕಂತು, ಎಲ್ಲವೂ ನೊರೆಯೆದ್ದು ಪರರ ಗಂಟಲಿಗಿಳಿಯುವುದನ್ನು ನರೆಲ್ ನೀರಿನ ಗ್ಲಾಸು ಹಿಡಿದು ನೋಡುತ್ತಿದ್ದಳು.

ಮನೆಗೆ ನಡೆದುಕೊಂಡು ಹೋಗುವಾಗ ಅರ್ಧ ದಾರಿ ಅವಳು ಬೆರಳೆಣಿಸಿ ಲೆಕ್ಕ ಹಾಕುತ್ತಲೇ ಇದ್ದಳು. ನನಗೆ ಬ್ಯಾಂಕಿಗಿಂತ ಆ ಲೆಕ್ಕದ ಭಯ ಹೆಚ್ಚಾಯಿತು. ಕೊನೆಗೆ ನನ್ನ ಕೈ ಹಿಡಿದುಕೊಂಡಳು.

"ಸಾಯ್ತೀನಿ ಅಂತ ಅನ್ಸಿದ್ರೆ ಮೊದ್ಲು ನಂಗೆ ಹೇಳೋ ದಡ್ಡ. ಮನೆ ಬೇಗ ನಮ್ದಾಗ್ಲಿ ಅನ್ನೋದೇ ಅದ್ರಲ್ಲಿ ನೀನೂ ಇರ್ಲಿ ಅಂತ."

ನನಗೆ ಕಣ್ಣು ತುಂಬಿ ಬಂತು. "ಹಾಗಾದ್ರೆ ಇವತ್ತು ಹೀಟರ್ ಹಾಕೋಣ್ವಾ?" ಎಂದೆ.

"ಸೌದೆ ಹೊರೋದಿದೆಯಲ್ಲ, ಅದ್ರಲ್ಲೇ ಬೆಚ್ಚಗಾಗು, ಮಾಡಿದ್ದುಣ್ಣೋ ಮಹಾರಾಯ. ನಾಳೆ ಅದನ್ನೆಲ್ಲ ಅವ್ರಿಗೆ ವಾಪಸ್ ಕೊಟ್ಟು ಬರ್ಬೇಕು ನೀನು," ಎಂದಳು.

ಮುಂದಿನ ಶುಕ್ರವಾರ ಬುದ್ಧಿ ಕಲಿತವನಾಗಿ ಬರಿದಲೆಯಲ್ಲೇ ಕ್ಲಬ್ಬಿಗೆ ಹೋದೆ. ಒಳಗೆ ಕಾಲಿಟ್ಟದ್ದೇ ತಡ, ಬೆರಿಲ್ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡರು. ಕೆವ್ ನನ್ನನ್ನು ಬಾರಿನ ಹತ್ತಿರ ಕರೆದು ತಲೆಯನ್ನು ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ. ಅವನ ಮುಖದಲ್ಲಿ ಮತ್ತೆ ಅದೇ ಹಳೆಯ ಕರುಣೆ ಮೂಡಿತು.

"ಟೋಪಿ ಹಾಕ್ಕೊಂಡ್ಬಿಡು ಮಾರಾಯ," ಎಂದ ಮೆಲ್ಲಗೆ. "ಜನ ಊಟ ಮಾಡ್ತಿದಾರೆ. ನಾನೇನೂ ಅನ್ನಲ್ಲ, ಹಾಕ್ಕೋ."

ಜೇಬಿನಿಂದ ಟೋಪಿಯನ್ನು ಅರ್ಧ ಹೊರಗೆಳೆದವನು ಹಾಗೆಯೇ ನಿಂತೆ. ಕೆವ್‌ನ ಒಂದು ಕೈ ನನ್ನ ಹೆಗಲ ಮೇಲಿತ್ತು. ಇನ್ನೊಂದು ಎಲ್ಲಿದೆ ಎಂದು ಹುಡುಕಿದೆ. ಗಂಟೆಯ ಹಗ್ಗದ ಮೇಲಿತ್ತು.