ಮಾಯೆಸ್ತ್ರೋ ಬೆನ್ನಿನ ಪ್ರಕರಣ

ನಗರಸಭೆಯ ಯಾವುದೇ ನೌಕರನು ಸಾರ್ವಜನಿಕರಿಗೆ ಬೆನ್ನು ತೋರಿಸತಕ್ಕದ್ದಲ್ಲ ಎಂಬ ನಿಯಮವು ನಮ್ಮ ಅಲ್ಮೆಂದ್ರೇಲಾ ಊರಿನಲ್ಲಿ ಕಳೆದ ವಸಂತದಿಂದ ಜಾರಿಯಲ್ಲಿದೆ. ನೀರಿನ ತೆರಿಗೆಯ ಕಿಟಕಿಯಲ್ಲಿ ಗುಮಾಸ್ತನೊಬ್ಬ ಆ ಕಡೆ ತಿರುಗಿ ಆಲೂಗಡ್ಡೆ ಆಮ್ಲೆಟ್ ತಿಂದದ್ದೇ ಇದಕ್ಕೆ ಕಾರಣ. ವಿಚಾರಣೆ ನಡೆದಾಗ, ಎಲ್ಲರಿಗಿಂತ ಹೆಚ್ಚು ಹೊತ್ತು ಬೆನ್ನು ತೋರಿಸುವ ನೌಕರ ನಾಟಕಮಂದಿರದಲ್ಲಿದ್ದಾರೆಂದು ತಿಳಿದುಬಂತು. ಅವರೇ ಸಭೆಗೆ ಬೆನ್ನು ಮಾಡಿ ನಿಂತು ವೇದಿಕೆಯವರಿಗೂ ನಮಗೂ ಕೈಸನ್ನೆ ಕೊಡುವ ವಾದ್ಯವೃಂದದ ನಿರ್ದೇಶಕ, ಮಾಯೆಸ್ತ್ರೋ ಫಾಕುಂದೋ ಅರ್ಬೇಸಾ. ನಾನು ಅವರ ಕೈಕೆಳಗೆ ಕ್ಲಾರಿನೆಟ್ ಊದುವವನು.

ಅರ್ಧ ಮಾತು, ಅರ್ಧ ಹಾಡಿನ ನಮ್ಮ ಸಾರ್ಸುವೇಲಾ ನಾಟಕದ ತಾಲೀಮಿಗೆ ಸಂಸ್ಕೃತಿ ಸಮಿತಿಯ ಅಧ್ಯಕ್ಷರಾದ ದೊನ್ ಲೆಯಾಂದ್ರೋ ಖುದ್ದಾಗಿ ಬಂದರು.

"ಮಾಯೆಸ್ತ್ರೋ, ಜನರ ಕಡೆ ತಿರುಗಿ. ಇಲ್ಲಾಂದ್ರೆ ನಾಟಕ ರದ್ದು."

"ತಿರುಗಿದ್ರೆ ಹಾಡೋರಿಗೆ ಸನ್ನೆ ಯಾರು ಕೊಡ್ತಾರೆ ಸ್ವಾಮಿ? ಮಾತು ಎಲ್ಲಿ ಮುಗೀಬೇಕು, ಹಾಡು ಎಲ್ಲಿ ಶುರುವಾಗ್ಬೇಕು, ಎಲ್ಲಾ ನನ್ನ ಕೈಲಿದೆ."

"ಕೈ ಬಗ್ಗೆ ನಮ್ಮ ತಕರಾರಿಲ್ಲ. ನಿಯಮ ಇರೋದು ಬೆನ್ನಿಗೆ."

ನಾಯಕಿ ವಿಸಿತಾಸಿಯೋನ್ ವೇದಿಕೆಯಿಂದಲೇ ಕೂಗಿದಳು: "ಇಷ್ಟು ವರ್ಷ ಇವರ ಹುಬ್ಬು ನೋಡಿ ಉಸಿರು ತಗೊಂಡಿದ್ದೀನಿ. ಇನ್ಮೇಲೆ ಬಕ್ಕತಲೆ ನೋಡ್ಕೊಂಡು ಹಾಡ್ಲಾ?"

"ಅದೂ ನಗರಸಭೆ ಆಸ್ತೀನೇ ಕಣಮ್ಮ" ಎಂದು ಅಧ್ಯಕ್ಷರು ಸಮಾಧಾನ ಹೇಳಿದರು.

ಮೊದಲ ಪ್ರದರ್ಶನದಲ್ಲಿ ಮಾಯೆಸ್ತ್ರೋ ಜನರಿಗೆ ಮುಖ ಮಾಡಿ ನಿಂತರು. ಅಂಗೈ ಇಳಿಸಿದರು, ಸಭೆಯ ಕೆಮ್ಮು ನಿಂತಿತು. ತಾಳದ ಕೋಲನ್ನು ಉಪ್ಪರಿಗೆಯತ್ತ ಚಾಚಿದರು, ಉಪ್ಪರಿಗೆಯವರು ಎದ್ದು ನಿಂತರು. ಇತ್ತ ನಮ್ಮನ್ನು ಕತ್ತಲಲ್ಲಿ ಕೈಬಿಟ್ಟಂತಾಯಿತು. ವಿಸಿತಾಸಿಯೋನ್ ತನ್ನ ಮಾತು ಮುಗಿಸಿ ಬಾಯಿ ತೆರೆದು ನಿಂತಳು. ಯಾವಾಗ ಹಾಡಬೇಕೋ ತಿಳಿಯದೆ ಅವಳ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಔಷಧಿ ಅಂಗಡಿಯ ದೋನ್ಯಾ ಬ್ರೀಹಿದಾ, ಕೋಲು ತನಗೇ ಎತ್ತಿದ್ದೆಂದು ತಿಳಿದು, ಭುಜವೇರಿಸಿ ಉಸಿರೆಳೆದುಕೊಂಡರು. ಅವರ ಜೊತೆಗೇ ವಿಸಿತಾಸಿಯೋನ್ ಕೂಡ ಉಸಿರೆಳೆದು ಹಾಡಿದಳು. ನಾವು ಸಭಿಕರು ತಲೆದೂಗುವುದನ್ನು ನೋಡಿ ತಾಳ ಹಿಡಿದೆವು. ಮಾಯೆಸ್ತ್ರೋ ಚಪ್ಪಾಳೆಗೂ ಸನ್ನೆ ಕೊಟ್ಟರು. ಅದು ಒಂದೇ ಹೊಡೆತಕ್ಕೆ ಬಂತು.

ಮರುದಿನ ಸಮಿತಿಯ ಪ್ರಕಟಣೆ ಹೊರಟಿತು: "ನಿರ್ದೇಶಕರ ಸನ್ನೆಯನ್ನು ಪಾಲಿಸುವವರೆಲ್ಲರೂ ಕಲಾವಿದರು. ಆದ್ದರಿಂದ ಕುರ್ಚಿಗಳಲ್ಲಿ ಕುಳಿತವರು ಕಲಾವಿದರೆಂದೂ, ಅವರನ್ನು ನೋಡುತ್ತಿದ್ದ ವೇದಿಕೆಯವರು ಮತ್ತು ವಾದ್ಯದವರು ಸಾರ್ವಜನಿಕರೆಂದೂ ಪರಿಗಣಿಸಲಾಗಿದೆ. ಸಾರ್ವಜನಿಕರು ಟಿಕೆಟ್ ಪಡೆಯತಕ್ಕದ್ದು."

ಮಾಯೆಸ್ತ್ರೋ ಬೆನ್ನು ಈಗ ನಮ್ಮ ಕಡೆಗಿತ್ತು. ಸಾರ್ವಜನಿಕರಾದ ನಾವು ದೂರು ಕೊಟ್ಟೆವು. ಬೆನ್ನಿನ ಟಿಕೆಟ್ಟಿಗೆ ರಿಯಾಯಿತಿ ಮಂಜೂರಾಯಿತು.

ಈಗ ಯಾರಿಗೂ ತಕರಾರಿಲ್ಲ. ನಾವು ಸಂಜೆ ಸಾಲಿನಲ್ಲಿ ನಿಂತು ಟಿಕೆಟ್ ಕೊಳ್ಳುತ್ತೇವೆ. ಸಭಿಕರು ಕಲಾವಿದರ ಹಿಂಬಾಗಿಲಿನಿಂದ, ಗಂಟಲಿಗೆ ಶಾಲು ಸುತ್ತಿಕೊಂಡು ಬರುತ್ತಾರೆ. ಮೊನ್ನೆ ಎರಡನೆಯ ಅಂಕದಲ್ಲಿ ದೋನ್ಯಾ ಬ್ರೀಹಿದಾ ತೂಕಡಿಸಿದಾಗ ವಿಸಿತಾಸಿಯೋನ್ ನನ್ನ ಕಡೆ ಬಾಗಿ ಸಿಡುಕಿದಳು:

"ದುಡ್ಡು ಕೊಟ್ಟು ನೋಡೋಕ್ ಬಂದಿದ್ದೀವಿ. ಇವರಿಗೆ ಸ್ವಲ್ಪಾನಾದ್ರೂ ಜವಾಬ್ದಾರಿ ಬೇಡ್ವಾ?"