ಏಳು ನಾಯಿಗೆ ಏಳು ಬಿಲ್ಲೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ರಬ್ಬರ್ ಬಿಲ್ಲೆ. ಕೋಟಿನ ಗುಂಡಿಯಷ್ಟು ಅಗಲ, ಕಪ್ಪು ಬಣ್ಣ, ನಾಯಿಯ ಕುತ್ತಿಗೆಪಟ್ಟಿಗೆ ಕಟ್ಟುವಂಥದ್ದು. ಮನೆಯೊಳಗಿನ ಹೊಗೆ, ಸೊಳ್ಳೆಬತ್ತಿ, ನೆಲ ಒರೆಸುವ ಔಷಧಿ ಎಲ್ಲವನ್ನೂ ಏಳು ದಿನ ಹೀರಿಕೊಂಡು, ಆಮೇಲೆ ಪ್ರಯೋಗಾಲಯದಲ್ಲಿ ಒಂದೊಂದಾಗಿ ಬಾಯಿಬಿಡುತ್ತದೆ.

ಅದನ್ನು ಕಟ್ಟಿದವರು ನಾಯಿ ಮೇಷ್ಟ್ರು. ಅಸಲಿಗೆ ಅವರು ಮೇಷ್ಟ್ರೇ ಅಲ್ಲ, ಪ್ರಾಣಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ತಾತ್ಕಾಲಿಕ ಸಹಾಯಕರು. ಆದರೆ ನೋಟ್‌ಬುಕ್ ಹಿಡಿದು ಪ್ರಶ್ನೆ ಕೇಳುವವನನ್ನು ಬೀದಿಯವರು ಇನ್ನೇನೆಂದು ಕರೆಯಬೇಕು?

ಆರು ವರ್ಷದ ಹಿಂದೆ ಆ ಬೀದಿಯಲ್ಲಿ ಉದ್ದಗೂದಲಿನ ಜಾತಿನಾಯಿಯೊಂದು ಎಂಟು ಮರಿ ಹಾಕಿತ್ತು. ಎಂಟೂ ಎಂಟು ಮನೆ ಸೇರಿದವು. ಆ ತಳಿಗೆ ಕ್ಯಾನ್ಸರಿನ ಕಾಟ ಜಾಸ್ತಿ. ಹೋದ ವರ್ಷ ದರ್ಜಿಯ ನಾಯಿ ಕತ್ತಿನಲ್ಲಿ ಗಡ್ಡೆಯೆದ್ದು ಸತ್ತಿತು. ಉಳಿದ ಏಳರಲ್ಲಿ ಒಂದು ಮೇಷ್ಟ್ರ ಮನೆಯ ಪೊರಕೆ; ಬಾಲ ನೋಡಿ ಇಟ್ಟ ಹೆಸರು. ಅದರ ಕತ್ತು ಸವರುವಾಗೆಲ್ಲ ಮೇಷ್ಟ್ರ ಬೆರಳು ತಾನಾಗಿ ಗಡ್ಡೆ ಹುಡುಕುತ್ತಿತ್ತು. ಈ ಒಂದು ವಾರ ಮಾತ್ರ ಕತ್ತು ಮುಟ್ಟಿರಲಿಲ್ಲ. ಬಿಲ್ಲೆಗೆ ಕೈ ತಗುಲಬಾರದಲ್ಲ.

"ರಕ್ತ ಒಂದೇ, ಮನೆ ಬೇರೆ ಬೇರೆ. ಇಂಥ ಬೀದಿ ಎಲ್ಲಿ ಸಿಗುತ್ತೆ ರೀ?" ಎಂದಿದ್ದರು ಪ್ರಯೋಗಾಲಯದ ದೊಡ್ಡ ಡಾಕ್ಟರಮ್ಮ. "ಬಿಲ್ಲೆಗಳು ಸರಿಯಾಗಿ ಬಂದರೆ ಸಮೀಕ್ಷೆಗೆ ಮೇಲ್ವಿಚಾರಕರು ನೀವೇ. ಎಂಟನೇ ದಿನ ನಾಲ್ಕು ಗಂಟೆಗೆ ನಾನೇ ಬರ್ತೀನಿ."

ಆ ಎಂಟನೇ ದಿನ ಬೆಳಿಗ್ಗೆ ಮೇಷ್ಟ್ರು ಮೊದಲು ಹೋದದ್ದು ಜೈಲರ ಮನೆಗೆ. ಮೂವತ್ತು ವರ್ಷ ಜೈಲಿನ ಬಾಗಿಲು ಕಾದು ನಿವೃತ್ತರಾದ ಆಸಾಮಿ. ಸೊಂಟದಲ್ಲಿ ಈಗಲೂ ಬೀಗದ ಕೈ ಗೊಂಚಲು.

"ನಿಮಗ್ಯಾಕೆ ತೊಂದರೆ ಅಂತ ನಾನೇ ಬಿಚ್ಚಿಟ್ಟಿದ್ದೆ" ಎಂದು ಜೈಲರು ಬಿಲ್ಲೆ ಕೊಟ್ಟರು. ಮೇಷ್ಟ್ರು ಅದನ್ನು ಡಬ್ಬಿಗೆ ಹಾಕುವ ಮುಂಚೆ ಮೂಗಿನ ಬಳಿ ಹಿಡಿದರು. ಗಪ್ಪೆಂದು ನುಸಿಗುಳಿಗೆಯ ವಾಸನೆ.

"ಮನೇಲಿ ನುಸಿಗುಳಿಗೆ ಇಡ್ತೀರಾ ಸಾರ್?"

"ಯಾಕೆ? ಯಾರು ಹೇಳಿದ್ದು?" ಜೈಲರ ಕಣ್ಣು ಕಿರಿದಾಯಿತು. "ಇಲ್ಲವೇ ಇಲ್ಲ."

ಪಕ್ಕದ ನರ್ಸಮ್ಮನ ಮನೆಯಲ್ಲೂ ಬಿಲ್ಲೆ ಮೊದಲೇ ಬಿಚ್ಚಿಟ್ಟಾಗಿತ್ತು. ಅದೇ ವಾಸನೆ, ಅದೇ "ಇಲ್ಲವೇ ಇಲ್ಲ". ಮೂರನೆಯದು, ನಾಲ್ಕನೆಯದು, ಐದನೆಯದು, ಆರನೆಯದು, ಎಲ್ಲವೂ ಹಾಗೇ. ಆರು ಮನೆಯಲ್ಲೂ ಒಂದೇ ವಿಷ, ಆರು ಮನೆಯವರೂ ಒಂದೇ ಸುಳ್ಳು! ಏನನ್ನೋ ಮುಚ್ಚಿಡುತ್ತಿದ್ದಾರೆ. ಪಾಪ, ದರ್ಜಿಯ ನಾಯಿ ಸತ್ತದ್ದೂ ಇದರಿಂದಲೇ ಇರಬೇಕು.

ಅವರು ವಾಪಸ್ಸು ನರ್ಸಮ್ಮನ ಮನೆಗೆ ನುಗ್ಗಿದರು. ಬಟ್ಟೆಯ ಬೀರು ಮೂಸಿದರು. ಮಂಚದಡಿ ತೂರಿ ಹಾಸಿಗೆ ಮೂಸಿದರು. ನರ್ಸಮ್ಮ ಕೋಣೆಗೆ ಬಂದಾಗ ಮಂಚದ ಕೆಳಗಿಂದ ಎರಡು ಗಂಡುಕಾಲು ಕಾಣಿಸಿ, ಬೀದಿ ಕಿತ್ತುಹೋಗುವಂತೆ ಕಿರುಚಿದರು.

ಎರಡೇ ನಿಮಿಷದಲ್ಲಿ ಬೀದಿಯೆಲ್ಲ ಹಾಜರು. ದರ್ಜಿ ಕತ್ತರಿ ಸಮೇತ ಬಂದಿದ್ದ. ಜೈಲರು ಮೇಷ್ಟ್ರ ಕಾಲು ಹಿಡಿದು ಹೊರಗೆಳೆದರು.

"ನಾನು ಅವತ್ತೇ ಹೇಳಲಿಲ್ವಾ? ಈ ಮನುಷ್ಯನ ಮೇಲೆ ನನಗೆ ಮೊದಲಿಂದಲೂ ಡೌಟು!"

"ಡೌಟು ನಿಮ್ಮ ಮೇಲೆ!" ಮೇಷ್ಟ್ರು ತಲೆಯ ಮೇಲಿನ ಜೇಡರಬಲೆ ಕೊಡವುತ್ತ ಅಬ್ಬರಿಸಿದರು. "ಆರು ಮನೇಲೂ ಒಂದೇ ವಿಷದ ವಾಸನೆ. ಏನು ಬಚ್ಚಿಟ್ಟಿದ್ದೀರಿ? ನಾಯಿಗಳು ಸಾಯ್ತವೆ ಕಣ್ರೀ!"

ಗಲಾಟೆ ತಟ್ಟನೆ ನಿಂತಿತು. ಎಲ್ಲರೂ ಜೈಲರ ಮುಖ ನೋಡಿದರು. ಜೈಲರು ತಮ್ಮ ಚಪ್ಪಲಿ ನೋಡಿಕೊಂಡರು.

"ಅದು ನನ್ನ ಟ್ರಂಕಿನ ವಾಸನೆ" ಎಂದರು ಮೆಲ್ಲಗೆ. "ನಿಮ್ಮ ಬಿಲ್ಲೆ ಮನೆ ಮಾತು ಕದ್ದು ಕೇಳೋ ಯಂತ್ರ ಅಂದ್ಕೊಂಡ್ವಿ. ಬಿಲ್ಲೆಗಳನ್ನೆಲ್ಲ ನನ್ನ ಹಳೇ ಯೂನಿಫಾರ್ಮಿನ ಟ್ರಂಕಿಗೆ ಹಾಕಿ ಬೀಗ ಜಡಿದೆ, ಇವತ್ತು ಬೆಳಿಗ್ಗೆ ತೆಗೆದು ವಾಪಸ್ ಹಂಚಿದೆ. ನೀವು ದಿನಾ ಸಂಜೆ ಗೇಟಿನಿಂದ ಇಣುಕಿ ಟಿಕ್ ಹಾಕ್ಕೊಳ್ತಿದ್ರಲ್ಲ, ಅದಕ್ಕೆ ಈ ದರ್ಜಿ ಸಾಹೇಬರು ನಾಯಿಗಳಿಗೆ ಕೋಟಿನ ಗುಂಡಿ ಕಟ್ಟಿಕೊಟ್ಟರು."

ದರ್ಜಿ ತಲೆ ತಗ್ಗಿಸಿದ.

ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಮೇಲ್ವಿಚಾರಕನ ಕೆಲಸ ಕಣ್ಣೆದುರೇ ಕೈಬಿಟ್ಟು ಹೋಗುತ್ತಿತ್ತು. ಆದರೂ ಒಂದು ಸಮಾಧಾನ: ಪೊರಕೆಯ ಬಿಲ್ಲೆಯಾದರೂ ಅಸಲಿ.

ನಾಲ್ಕಕ್ಕೆ ಸರಿಯಾಗಿ ಡಾಕ್ಟರಮ್ಮನ ಕಾರು ಬಂತು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ, ಪಶ್ಚಾತ್ತಾಪದಿಂದ ಬೇಯುತ್ತಿದ್ದ ಜೈಲರು ಅವರನ್ನು ಉಳಿಸಲು ಮುಂದೆ ಬಂದು ಸೆಲ್ಯೂಟ್ ಹೊಡೆದರು.

"ಇವರದೇನೂ ತಪ್ಪಿಲ್ಲ ಮೇಡಂ. ಏಳು ದಿನವೂ ಬಿಲ್ಲೆಗಳು ನನ್ನ ಕಾವಲಲ್ಲಿದ್ದವು. ಒಂದೂ ತಪ್ಪಿಸಿಕೊಂಡಿಲ್ಲ!"

ಡಾಕ್ಟರಮ್ಮ ಇಡೀ ಕತೆ ಕೇಳಿ, ಕನ್ನಡಕ ಒರೆಸಿ, ಜೈಲರನ್ನು ಮೇಲಿಂದ ಕೆಳಗೆ ನೋಡಿದರು.

"ಹೊಸ ಬಿಲ್ಲೆ ಕಳಿಸ್ತೀನಿ. ಮತ್ತೆ ಏಳು ದಿನ ಕಟ್ಟಿ. ಈ ಸಲ ಮೇಲ್ವಿಚಾರಣೆ ನಿಮ್ಮದೇ ಜೈಲರೇ. ಇಡೀ ಬೀದಿ ನಿಮ್ಮ ಮಾತು ಕೇಳುತ್ತೆ, ನಮ್ಮ ಮೇಷ್ಟ್ರ ಮಾತು ಯಾರೂ ಕೇಳಲ್ಲ."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಮೇಡಂ, ನನ್ನದೊಂದು ಬಿಲ್ಲೆ ಸರಿಯಾಗಿದೆ! ನಮ್ಮ ಮನೇಲಿ ಯಾರಿಗೂ ನನ್ನ ಮೇಲೆ ಅನುಮಾನ ಇಲ್ಲ!" ಎನ್ನುತ್ತ ಮನೆಗೆ ಓಡಿ ಪೊರಕೆಯನ್ನು ಎಳೆದುತಂದರು. ಎಲ್ಲರೆದುರು ಅದರ ಕತ್ತಿನ ದಟ್ಟ ಕೂದಲು ಸರಿಸಿದರು.

ನಾಲ್ಕು ತೂತಿನ ಕೋಟಿನ ಗುಂಡಿ.

ಜೈಲರು ಜೇಬಿನಿಂದ ಏಳನೆಯ ಬಿಲ್ಲೆ ತೆಗೆದು ಮೇಷ್ಟ್ರ ಕೈಗಿಟ್ಟರು. ನುಸಿಗುಳಿಗೆ ಘಮಘಮಿಸಿತು.

ಹಿಂದೆಯೇ ಬಂದಿದ್ದ ಹೆಂಡತಿ ಸೆರಗು ತಿರುಚುತ್ತ ಅಂದಳು: "ನಮ್ಮಮ್ಮನ ಹತ್ರ ನಾನು ಫೋನಲ್ಲಿ ಹೇಳಿದ್ದೆಲ್ಲ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ಇಷ್ಟು ವರ್ಷ ತಲೆ ಕೆಡಿಸ್ಕೊಂಡಿದ್ದೆ ರೀ..."

"ನೀನು ಫೋನಲ್ಲಿ ಮಾತಾಡಿದ್ರೆ ಮೂರು ಬೀದಿಗೆ ಕೇಳುತ್ತೆ ಕಣೇ!"

ಜೈಲರು ಆಗಲೇ ಮೇಷ್ಟ್ರ ನೋಟ್‌ಬುಕ್ ತೆಗೆದುಕೊಂಡು ಮೊದಲ ಪುಟದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ" ಎಂದರು. "ಈ ಸಲ ನಿಮ್ಮ ಮನೆಗೆ ದಿನಕ್ಕೆ ಎರಡು ಸಲ ಬಂದು ನೋಡ್ತೀನಿ. ಹೋದ ಸಲ ಬಿಲ್ಲೆ ಬಿಚ್ಚಿ ನನಗೆ ತಂದುಕೊಟ್ಟ ಮೊದಲನೇ ಮನೆ ನಿಮ್ಮದೇ."